ಒಂದು ಲೋಟ ಉಪ್ಪು

ಜೂನ್ ೭

ಬೀಗಿತ್ತಿಯವರಿಗೆ,

ನಾನು ಯಾರು ಎಂಬುದು ನಿಮಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ನಿಮ್ಮ ಹೋದ ವಾರದ ಪತ್ರ ನೋಡಿದರೆ ನೀವು ಅದನ್ನು ಮರೆತಂತಿದೆ. ದೊಡ್ಡ ರಸ್ತೆಯ ಬೇಕರಿಗೆ ನಾನು ಯಜಮಾನಿ. ಗಂಡ ತೀರಿಕೊಂಡ ಮೇಲೂ ಅದರ ಒಲೆ ಒಂದು ದಿನವೂ ತಣ್ಣಗಾಗಲು ಬಿಟ್ಟವಳಲ್ಲ. ನನ್ನ ಕಾಲಕ್ಕೆ ಹೈಸ್ಕೂಲು ಮುಗಿಸಿದ ಹೆಣ್ಣುಮಗಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಮೂರು ಮಕ್ಕಳನ್ನು ಹೆತ್ತು ದಡ ಸೇರಿಸಿದ್ದೇನೆ. ಮಹಡಿಯ ಮೇಲೆ ನಾನು ಕೆಮ್ಮಿದರೆ ಕೆಳಗೆ ಹಿಟ್ಟು ನಾದುವವರ ಮಾತು ನಿಲ್ಲುತ್ತದೆ. ಹೀಗಿರುವಾಗ "ಮಕ್ಕಳನ್ನು ಹೇಗೆ ಆಡಿಸಬೇಕೆಂದು ಬೇಕಾದರೆ ಬರೆದು ಕಳಿಸುತ್ತೇನೆ ಅಕ್ಕಾ" ಎಂದು ನೀವು ಬರೆಯುವ ಅಗತ್ಯವಿರಲಿಲ್ಲ. ನೀವು ಶಿಶುವಿಹಾರದ ಟೀಚರು, ಊರವರ ಮಕ್ಕಳನ್ನು ಆಡಿಸುವುದು ನಿಮ್ಮ ಉದ್ಯೋಗ. ನಮ್ಮ ಮನೆಯಲ್ಲಿ ಮಕ್ಕಳು ತಾವೇ ಆಡಿಕೊಂಡು ದೊಡ್ಡವರಾದವರು. ಅಲ್ಲದೆ ನಾವು ಬೀಗರು, ಅಕ್ಕತಂಗಿಯರಲ್ಲ.

ನಿಮ್ಮ ಮಗಳು ಬಸುರಿ, ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನನ್ನ ಮಗ ಹಡಗಿನ ಎಂಜಿನ್ ಕೋಣೆಯಲ್ಲಿ, ನಡುನೀರಿನಲ್ಲಿದ್ದಾನೆ. ನೀವು ಮಗಳ ಮಂಚದ ಪಕ್ಕ ಇರಲೇಬೇಕು. ಆದ್ದರಿಂದ ಮೊಮ್ಮಕ್ಕಳಿಬ್ಬರೂ ನನ್ನ ಹತ್ತಿರ ಬಂದದ್ದು ನ್ಯಾಯವೇ. ಇದರಲ್ಲಿ ಉಪಕಾರದ ಮಾತು ಬೇಡ.

ಈಗ ವಿಷಯ. ದೊಡ್ಡವಳಿಗೆ ಮಂಗನಬಾವು ಬಂದಿದೆ. ಎರಡು ಕೆನ್ನೆಯೂ ಬನ್ನಿನಂತಾಗಿವೆ. ಡಾಕ್ಟರು ಬೀದಿಗೆ ಬಿಡಬೇಡಿ, ಬೇಕರಿಗೆ ಇಳಿಸಬೇಡಿ, ತಮ್ಮನಿಂದ ದೂರ ಇಡಿ, ತಾಯಿಯ ಹತ್ತಿರವಂತೂ ಸುಳಿಯಕೂಡದು ಎಂದಿದ್ದಾರೆ. ಇನ್ನೊಂದು ವಿಷಯ. ಮಕ್ಕಳನ್ನು ಇಲ್ಲಿಯ ಶಾಲೆಗೆ ಸೇರಿಸಲು ಅರ್ಜಿ ಕೊಟ್ಟಾಗಿದೆ. ಹೆರಿಗೆಯಾದ ಮೇಲೆ ಸೊಸೆಯೂ ಇಲ್ಲಿಗೇ ಬಂದು ಇರಲಿ. ಹಡಗಿನಲ್ಲಿರುವ ಗಂಡನಿಗೆ ಯಾವ ಊರಾದರೇನು? ಅವಳಿಗೆ ಇದನ್ನು ನೀವೇ ತಿಳಿಸಿ.

ಇಂತಿ,
ನಿಮ್ಮ ಬೀಗಿತ್ತಿ

ಹೇಗೂ ಉತ್ತರ ಬರೆಯುವುದಾದರೆ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ: ಆರು ವರ್ಷದ ಹುಡುಗಿಯನ್ನು ಒಂದು ಕೋಣೆಯಲ್ಲಿ, ನಾಲ್ಕು ವರ್ಷದ ಹುಡುಗನನ್ನು ಇನ್ನೊಂದರಲ್ಲಿ ಕೂರಿಸಿದರೆ ಇಬ್ಬರೂ ಕಿರುಚದಂತೆ ನೀವು ಏನು ಮಾಡಿಸುತ್ತೀರಿ?


ಜೂನ್ ೧೧

ಅಕ್ಕನವರಿಗೆ ನಮಸ್ಕಾರ.

ಅಕ್ಕ ಎನ್ನಬೇಡಿ ಎಂದಿದ್ದೀರಿ. ಬಾಯಿಗೆ ಬಂದುಬಿಟ್ಟಿದೆ, ಇನ್ನು ಹೋಗುವುದಿಲ್ಲ. ಬೈದುಕೊಳ್ಳಿ.

ಮಕ್ಕಳನ್ನು ನೀವು ಇಟ್ಟುಕೊಂಡಿರುವುದರಿಂದಲೇ ನಾನು ಇಲ್ಲಿ ನೆಮ್ಮದಿಯಾಗಿ ಕುಳಿತಿದ್ದೇನೆ. ಉಪಕಾರದ ಮಾತು ಬೇಡ ಎಂದರೂ ನನ್ನ ಮನಸ್ಸಿನಲ್ಲಿ ಅದು ಇದೆ. ಅವಳು ಆರಾಮವಾಗಿದ್ದಾಳೆ. ಡಾಕ್ಟರು ಮಲಗಿರಿ ಎಂದಿದ್ದಾರೆ, ಮಲಗಿದ್ದಾಳೆ, ಅಷ್ಟೇ. ಶಾಲೆಯ ವಿಷಯ ಹೆರಿಗೆಯಾದ ಮೇಲೆ ಕೂತು ಮಾತಾಡೋಣ.

ನೀವು ಕೇಳಿದ್ದಕ್ಕೆ: ಬೇಕರಿಯಲ್ಲಿ ಖಾಲಿ ಬೇಕಿಂಗ್ ಪೌಡರ್ ಡಬ್ಬಿಗಳು ಇರುತ್ತವಲ್ಲ, ಎರಡು ತೆಗೆದುಕೊಳ್ಳಿ. ತಳಕ್ಕೆ ಮೊಳೆಯಿಂದ ತೂತು ಮಾಡಿ, ಉದ್ದನೆಯ ದಾರ ಪೋಣಿಸಿ ಗಂಟು ಹಾಕಿ. ದಾರ ಬಿಗಿಯಾಗಿರಬೇಕು. ಅವಳ ಕೋಣೆಯಲ್ಲಿ ಒಂದು, ಅವನ ಕೋಣೆಯಲ್ಲಿ ಒಂದು. ಟೆಲಿಫೋನ್ ರೆಡಿ. ಹಳೆಯ ಪೇಪರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಬಳೆ ಬಳೆ ಸೇರಿಸಿ ಸರಪಳಿ ಮಾಡಿಸಿ. ಯಾರದು ಉದ್ದ ಎಂದು ಪಂದ್ಯ ಕಟ್ಟಿದರೆ ಮಧ್ಯಾಹ್ನ ಕಳೆಯುತ್ತದೆ.

ನಿಮ್ಮ ತಂಗಿಯಂಥವಳು,
ಟೀಚರು


ಜೂನ್ ೧೭

ಬೀಗಿತ್ತಿಯವರಿಗೆ,

ಡಬ್ಬಿಯ ಟೆಲಿಫೋನ್ ಮಾಡಿಸಿದೆ. ಕೆಲಸ ಮಾಡುತ್ತದೆ. ಅತಿಯಾಗಿ ಕೆಲಸ ಮಾಡುತ್ತದೆ. ದೊಡ್ಡವಳಿಗೆ ನಾನು ಲಾಯರಮ್ಮ ಎಂದು ಹೆಸರಿಟ್ಟಿದ್ದೇನೆ, ಯಾವ ಮಾತನ್ನೂ ವಾದವಿಲ್ಲದೆ ಒಪ್ಪುವವಳಲ್ಲ. ಚಿಕ್ಕವನು ಬನ್ನಿನಂತೆ ಗುಂಡಗಿದ್ದಾನೆ, ಅವನ ಹೆಸರು ಬನ್ನಿ. ನಡುಮನೆಯಲ್ಲಿ ಲೆಕ್ಕ ನೋಡುತ್ತ ಕುಳಿತರೆ ನನ್ನ ತಲೆಯ ಮೇಲೆಯೇ ದಾರ ಹಾದುಹೋಗಿರುತ್ತದೆ.

"ಹಲೋ, ಬನ್ನೀ, ಅಜ್ಜಿ ಏನ್ ಮಾಡ್ತಿದೆ?"

"ಬರೀತಿದೆ."

"ಮುಖ ಹೆಂಗಿದೆ?"

"ಯಾವಾಗ್ಲೂ ಇರೋ ಥರಾನೇ."

"ಹಂಗಾದ್ರೆ ಈಗ ಬಿಸ್ಕತ್ತು ಕೇಳ್ಬೇಡ. ಆಮೇಲೆ ಕೇಳು."

ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ನಾನೂ ಕೇಳಿಸದವಳಂತೆಯೇ ಇದ್ದೇನೆ.

ಸರಪಳಿಗೆ ಮೈದಾ ಅಂಟು ಬೇಡವೆಂದೆ. ಹಿಟ್ಟು ಆಟದ ವಸ್ತುವಲ್ಲ. ಹೊಟ್ಟೆಗೆ ಹೋಗಬೇಕಾದದ್ದು ಗೋಡೆಗೆ ಹೋಗಬಾರದು. ನಮ್ಮ ಬೇಕರಿಗೆ ಸೇರಿದವರಿಗೆ ನಾನು ಕಲಿಸುವ ಮೊದಲ ಪಾಠ ಅದು. ತಟ್ಟೆಯ ಅಂಚಿನಲ್ಲಿ ಉಳಿದ ಅನ್ನದ ಅಗುಳು ಅರೆದು ಅಂಟಿಸಿದೆವು. ಚೆನ್ನಾಗಿ ಹಿಡಿಯಿತು. ಸರಪಳಿ ಈಗ ಬಾಗಿಲಿಂದ ಬೀರುವಿನವರೆಗೆ ಬಂದಿದೆ.

ನಿನ್ನೆಯಿಂದ ಬನ್ನಿಗೂ ಊದಿದೆ. ಇನ್ನು ಬೇರೆ ಬೇರೆ ಇಡುವ ಕಷ್ಟ ತಪ್ಪಿತು. ಆದರೆ ಈಗ ಒಂದೇ ಕೋಣೆಯಲ್ಲಿ ಇಬ್ಬರು. ಅಗಿಯಲು ನೋವು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಅವರನ್ನು ಮುಟ್ಟಿದ ಕೈಯಲ್ಲಿ ಬೇಕರಿಗೆ ಇಳಿಯುವಂತಿಲ್ಲ. ಒಲೆಯ ಮೇಸ್ತ್ರಿಗೆ ಮೆಟ್ಟಿಲ ಮೇಲಿಂದಲೇ ಹೇಳುತ್ತೇನೆ, ಅವನು ಕೆಳಗಿಂದಲೇ "ಆಯ್ತಮ್ಮಾವ್ರೇ" ಎನ್ನುತ್ತಾನೆ. ಏನು ಆಯಿತು ಎಂದು ನನಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿದ್ದ ಹಳೆಯ ಪೇಪರೆಲ್ಲ ಮುಗಿಯಿತು. ಇನ್ನೇನಾದರೂ ಇದ್ದರೆ ಬರೆಯಿರಿ. ನಿಮ್ಮ ಎರಡು ಉಪಾಯವೂ ಉಪಯೋಗಕ್ಕೆ ಬಂದವು ಎಂದು ತಿಳಿಸಲು ಅಡ್ಡಿಯಿಲ್ಲ.

ಇಂತಿ,
ನಿಮ್ಮ ಬೀಗಿತ್ತಿ


ಜೂನ್ ೨೧

ಅಕ್ಕನವರಿಗೆ,

ನಿಮ್ಮ ಪತ್ರವನ್ನು ಅವಳಿಗೆ ಎರಡು ಸಲ ಓದಿ ಹೇಳಿದೆ. ಬನ್ನಿಯ ಮಾತು ಬಂದಾಗ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಅದಕ್ಕೆ ನಿಮಗೆ ನಾನು ಋಣಿ.

ಒಂದೇ ಕೋಣೆಯ ಇಬ್ಬರು ಮಕ್ಕಳಿಗೆ ನಮ್ಮ ಶಿಶುವಿಹಾರದ ಬ್ರಹ್ಮಾಸ್ತ್ರ ಇದು: ಮೈದಾ ಎರಡು ಲೋಟ, ಉಪ್ಪು ಒಂದು ಲೋಟ, ನೀರು ಮುಕ್ಕಾಲು ಲೋಟ. ಗಟ್ಟಿಯಾಗಿ ಕಲಸಿ ಅವರ ಕೈಗೆ ಕೊಟ್ಟುಬಿಡಿ. ಬೇಕಾದ ಆಕಾರ ಮಾಡಲಿ. ಆಮೇಲೆ ಓವನ್‌ನಲ್ಲಿ ಸಣ್ಣ ಬಿಸಿಗೆ ಬಹಳ ಹೊತ್ತು ಇಡಿ. ಆರಿದ ಮೇಲೆ ಬಣ್ಣ.

ಅಮ್ಮ, ಅಪ್ಪ, ಅಜ್ಜಿಯರು, ಹುಟ್ಟಲಿರುವ ಪಾಪು, ಎಲ್ಲರನ್ನೂ ಮಾಡಿಸಿ ಕಳಿಸಿಕೊಡಿ ಅಕ್ಕ. ಅವಳ ಮಂಚದ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಮಕ್ಕಳನ್ನು ನೋಡದೆ ಅವಳಿಗೆ ಹೊತ್ತು ಹೋಗುತ್ತಿಲ್ಲ. ಮತ್ತೆಲ್ಲ ಆರಾಮ.

ನಿಮ್ಮ
ಟೀಚರು


ಜೂನ್ ೨೭

ಬೀಗಿತ್ತಿಯವರಿಗೆ,

ಮೊದಲು ಒಂದು ಸಣ್ಣ ವಿಷಯ, ಆಮೇಲೆ ದೊಡ್ಡದು.

ನೀವು ಒಂದು ಲೋಟ ಉಪ್ಪು ಎಂದು ಬರೆದಿದ್ದೀರಿ. ಎರಡು ಲೋಟ ಮೈದಾಕ್ಕೆ ಅಷ್ಟು ಉಪ್ಪು ಹಾಕಿದರೆ ದನವೂ ಮೂಸುವುದಿಲ್ಲ. ಆಸ್ಪತ್ರೆಯ ಗಡಿಬಿಡಿಯಲ್ಲಿ ಸಕ್ಕರೆಯ ಜಾಗದಲ್ಲಿ ಉಪ್ಪು ಬರೆದಿರಿ ಎಂದು ಅರ್ಥಮಾಡಿಕೊಂಡೆ. ಬೆಣ್ಣೆಯನ್ನೂ ಬಿಟ್ಟಿದ್ದಿರಿ. ಟೀಚರಜ್ಜಿಗೆ ಬಿಸ್ಕತ್ತು ಮಾಡಲು ಬರುವುದಿಲ್ಲ ಎಂದು ಮಕ್ಕಳೆದುರು ನಿಮ್ಮ ಮರ್ಯಾದೆ ಹೋಗಬಾರದು. ಅದಕ್ಕೇ ಬಾಯಿಬಿಡದೆ ಸರಿಪಡಿಸಿದೆ. ಸಕ್ಕರೆ, ಬೆಣ್ಣೆ, ಒಂದು ಚಮಚ ಬೇಕಿಂಗ್ ಪೌಡರ್.

ಇಬ್ಬರೂ ಮಣೆಯ ಮುಂದೆ ಕುಳಿತರು. ಗಲಾಟೆ ಮಾಡಿದರೆ ಹಿಟ್ಟು ಕಸಿದುಕೊಳ್ಳುತ್ತೇನೆ ಎಂದೆ. ಮಾಡಲಿಲ್ಲ. ಅಪ್ಪ ತನ್ನ ಹಡಗು, ಎರಡು ಕಾಲು ಸಮೇತ ಬಂದ. ನನ್ನನ್ನು ಮಾಡಿದವನು ಬನ್ನಿ. ನನ್ನ ಹುಬ್ಬು ಗಂಟಿಕ್ಕಿದ್ದು ಎಷ್ಟು ಚೆನ್ನಾಗಿ ಬಂತೆಂದರೆ ಮೇಸ್ತ್ರಿಯೂ ಮೆಟ್ಟಿಲ ಕೆಳಗೆ ನಿಂತು ನೋಡಿ ನಕ್ಕ. ನಾನು ನೋಡಿದ ಮೇಲೆ ನಗು ನಿಲ್ಲಿಸಿದ.

ಒಲೆಯಿಂದ ತೆಗೆದಾಗ ಎಲ್ಲವೂ ಉಬ್ಬಿದ್ದವು. ಲಾಯರಮ್ಮ ಮಾಡಿದ ಹೆಂಗಸಂತೂ ಕುತ್ತಿಗೆ ಕಾಣದಷ್ಟು ದಪ್ಪವಾಗಿತ್ತು.

"ಇದ್ಯಾರೇ?" ಎಂದೆ.

"ಅಮ್ಮ."

"ಊದ್ಕೊಂಡು ಹಾಳಾಯ್ತಲ್ಲೇ. ಬೇರೆ ಮಾಡೋಣ ಬಿಡು."

"ಹಾಳಾಗಿಲ್ಲ ಅಜ್ಜಿ, ಸರಿಯಾಗೇ ಬಂದಿದೆ. ಅಮ್ಮನ ಕಾಲು, ಮುಖ ಎಲ್ಲಾ ಹಿಂಗೇ ಆಗಿತ್ತು. ಚಪ್ಪಲಿ ಹಿಡೀತಾ ಇರ್ಲಿಲ್ಲ. ಉಂಗುರಾನ ಸೋಪು ಹಚ್ಚಿ ತೆಗೆದ್ರು. ಕಣ್ಣು ಮಂಜಾಗುತ್ತೆ ಅಂತಿದ್ಲು. ನಿಂಗೆ ಹೇಳ್ಬೇಡ ಅಂತ ಟೀಚರಜ್ಜಿ ಅಂದಿದ್ರು."

"ಮತ್ತೆ ಈಗ ಯಾಕೆ ಹೇಳ್ದೆ?"

"ನಾನೆಲ್ಲಿ ಹೇಳ್ದೆ? ಬಿಸ್ಕತ್ತು ಹೇಳ್ತು."

ಬೀಗಿತ್ತಿಯವರೇ, ನಾನೂ ಮೂರು ಹೆತ್ತವಳು. ಬಸುರಿಯ ಕಾಲು ಊದುವುದು ಗೊತ್ತು. ಮುಖ ಊದಿ ಕಣ್ಣು ಮಂಜಾಗುವುದು ಬೇರೆ ವಿಷಯ ಎಂಬುದೂ ಗೊತ್ತು. "ಆರಾಮ, ಆರಾಮ" ಎಂದು ಪ್ರತಿ ಪತ್ರದಲ್ಲಿ ಬರೆದಿದ್ದೀರಲ್ಲ, ಆ ಮಾತನ್ನು ನೀವು ಯಾರಿಗೆ ಬರೆಯುತ್ತಿದ್ದೀರಿ? ನಿಜ ಏನಿದೆಯೋ ಬರೆಯಿರಿ. ಬಿಸ್ಕತ್ತುಗಳನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ.

ಇಂತಿ,
ನಿಮ್ಮ ಬೀಗಿತ್ತಿ


ಜುಲೈ ೧

ಅಕ್ಕಾ,

ಡಬ್ಬಿ ತೆರೆದು ನಾನು ಮೊದಲು ಮಾಡಿದ್ದು ನಗು. ಅದು ತಿನ್ನುವ ಹಿಟ್ಟಲ್ಲ ಅಕ್ಕ, ಆಟದ ಹಿಟ್ಟು! ಉಪ್ಪು ಹಾಕುವುದೇ ಮಕ್ಕಳು ತಿನ್ನದಿರಲಿ, ಹುಳ ಹಿಡಿಯದಿರಲಿ, ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯಲಿ ಎಂದು. ಬೇಕರಿಯ ಯಜಮಾನಿಗೆ ಹಿಟ್ಟಿನ ಲೆಕ್ಕ ಬರೆದಾಗ ಇಷ್ಟು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಹಡಗಿನ ಅಪ್ಪನ ಒಂದು ಕಾಲನ್ನು ಇಲ್ಲಿಯ ನರ್ಸಮ್ಮ ಚಹಾಕ್ಕೆ ಅದ್ದಿ ತಿಂದರು. ಇಂಥ ಬಿಸ್ಕತ್ತು ತಿಂದೇ ಇಲ್ಲ ಎಂದರು. ಹುಬ್ಬು ಗಂಟಿಕ್ಕಿದ ಅಜ್ಜಿಯನ್ನು ಮಾತ್ರ ಯಾರೂ ಮುಟ್ಟಿಲ್ಲ, ಧೈರ್ಯ ಸಾಲದು.

ಆಮೇಲೆ ಬಂದದ್ದು ಅಳು. ನಿಜ ಹೇಳುತ್ತೇನೆ. ಅವಳ ರಕ್ತದೊತ್ತಡ ಮೊದಲ ದಿನದಿಂದಲೂ ಹೆಚ್ಚಿದೆ. ಔಷಧಿಗೆ ಇಳಿದಂತೆ ಮಾಡಿ ಮತ್ತೆ ಏರುತ್ತದೆ. ಇನ್ನೂ ಏರಿದರೆ ದಿನ ತುಂಬುವ ಮೊದಲೇ ಮಗುವನ್ನು ತೆಗೆಯಬೇಕು, ಇಬ್ಬರಿಗೂ ಅಪಾಯ ಇದೆ ಎಂದು ಡಾಕ್ಟರು ಹೇಳಿದ್ದಾರೆ.

ಏಕೆ ಮುಚ್ಚಿಟ್ಟೆ ಎಂದು ಕೇಳುತ್ತೀರಿ. ಹಿಂದೊಮ್ಮೆ ಅವಳು ಜ್ವರ ಬಂದು ಮಲಗಿದಾಗ "ಹಾಸಿಗೆ ಹಿಡಿಯೋ ಸೊಸೆ ನಮ್ಮನೇಲಿ ಇರ್ಲಿಲ್ಲ" ಎಂದಿದ್ದಿರಿ. ಅವಳ ಕೈಲಾಗದು ಎಂದು ಗೊತ್ತಾದರೆ ಮಕ್ಕಳನ್ನು ಅಲ್ಲಿಯೇ ಇಟ್ಟುಕೊಂಡುಬಿಡುತ್ತೀರಿ ಎಂಬ ಭಯ ಅವಳಿಗೆ. ಸುಳ್ಳೇಕೆ, ನನಗೂ. ಶಾಲೆಯ ಅರ್ಜಿಯ ಸುದ್ದಿಯನ್ನು ಅವಳಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ಇಲ್ಲ.

ಕೋಪ ಮಾಡಿಕೊಂಡರೂ ಪರವಾಗಿಲ್ಲ, ಉತ್ತರ ಬರೆಯಿರಿ.

ನಿಮ್ಮ
ಟೀಚರು


ಜುಲೈ ೯

ಅಕ್ಕನವರಿಗೆ,

ನಿಮ್ಮಿಂದ ಪತ್ರವಿಲ್ಲ. ಪತ್ರಕ್ಕಿಂತ ಬೇಗವೆಂದು ಬೇಕರಿಗೆ ಫೋನ್ ಮಾಡಿದೆ. ಮೇಸ್ತ್ರಿ ತೆಗೆದು "ಅಮ್ಮಾವ್ರು ಸದ್ಯಕ್ಕೆ ಯಾರ ಹತ್ರಾನೂ ಮಾತಾಡಲ್ಲ" ಎಂದರು. "ಮಕ್ಕಳು?" ಎಂದೆ. "ಮಕ್ಳು ರಾಜರ ಥರ ಇದಾರೆ" ಎಂದು ಇಟ್ಟುಬಿಟ್ಟರು.

ನೀವು ಮಾತು ಬಿಟ್ಟಿದ್ದೀರಿ ಎಂದು ತಿಳಿದುಕೊಂಡೆ. ಮುಚ್ಚಿಟ್ಟದ್ದು ನನ್ನದೇ ತಪ್ಪು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ಹಾಕಬೇಡಿ. ಅವಳಿಗೆ ಒತ್ತಡ ಮತ್ತೆ ಏರಿದೆ.


ಜುಲೈ ೧೪

ಅಕ್ಕಾ,

ಮೊನ್ನೆ ಬೆಳಿಗ್ಗೆ ಹೆಣ್ಣು ಮಗು. ಆಪರೇಷನ್ ಮಾಡಿ ತೆಗೆದರು. ಅಂಗೈಯಗಲ ಇದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಆದರೆ ಅಳುತ್ತದೆ, ಚೆನ್ನಾಗಿ ಅಳುತ್ತದೆ. ಅವಳು ಒಂದು ದಿನವಿಡೀ ಎಚ್ಚರವಿಲ್ಲದೆ ಇದ್ದಳು. ನಿನ್ನೆ ಕಣ್ಣು ಬಿಟ್ಟಳು. ಗಂಡಾಂತರ ಕಳೆಯಿತು ಎಂದರು. ಆ ಡಾಕ್ಟರಮ್ಮನ ಕೈ ಹಿಡಿದುಕೊಂಡು ನಾನು ಅತ್ತುಬಿಟ್ಟೆ.

ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಮಕ್ಳು ಊಟ ಮಾಡಿದ್ವಾ?" ಆಮೇಲೆ, "ಅತ್ತೆ ಅವ್ರನ್ನ ಅಲ್ಲೇ ಶಾಲೆಗೆ ಸೇರಿಸಿರ್ತಾರೆ, ಅಲ್ವಾ ಅಮ್ಮಾ?" ನಾನು ಹೇಳಿರಲಿಲ್ಲ. ಅವಳೇ ಊಹಿಸಿದ್ದಾಳೆ. ಉತ್ತರ ನಿಮ್ಮ ಹತ್ತಿರ ಇದೆ.

ನಿಮ್ಮ
ಟೀಚರು


ಜುಲೈ ೨೪

ತಂಗೀ,

ನಿಮ್ಮ ಮೂರು ಪತ್ರಗಳೂ ತಲುಪಿವೆ. ಉತ್ತರ ಬರೆಯದಿದ್ದುದು ಕೋಪದಿಂದಲ್ಲ. ನಿಮ್ಮ ಜುಲೈ ಒಂದರ ಪತ್ರ ಕೈಗೆ ಬಂದ ದಿನವೇ ನನ್ನ ಎಡಗೆನ್ನೆ ಊದಿತು. ಮಾರನೆಯ ದಿನ ಬಲಗೆನ್ನೆ. ಈ ವಯಸ್ಸಿನಲ್ಲಿ ಮಂಗನಬಾವು! ಡಾಕ್ಟರು ನಗು ತಡೆದುಕೊಳ್ಳಲು ಪಟ್ಟ ಕಷ್ಟ ನನಗೆ ಕಾಣುತ್ತಿತ್ತು. ಬಾಯಿ ತೆರೆಯಲಾಗುತ್ತಿರಲಿಲ್ಲ, ಜ್ವರಕ್ಕೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಯಜಮಾನಿಗೆ ಮಕ್ಕಳ ಕಾಯಿಲೆ ಬಂದಿದೆ ಎಂದು ಊರಿಗೆ ಗೊತ್ತಾಗುವುದು ಬೇಡವೆಂದು ಮೇಸ್ತ್ರಿಗೆ ಚೀಟಿಯಲ್ಲಿ ಅಪ್ಪಣೆ ಬರೆದುಕೊಟ್ಟೆ. ಅವನು ನಿಮಗೂ ಹೇಳದೆ ಪಾಲಿಸಿದ. ಅದರಿಂದ ನೀವು ನೊಂದಿರಿ. ಆ ತಪ್ಪು ನನ್ನದು.

ಆ ದಿನಗಳಲ್ಲಿ ನನ್ನನ್ನು ನೋಡಿಕೊಂಡವರು ಯಾರು ಗೊತ್ತೇ? ಗುಣವಾಗಿದ್ದ ಆ ಇಬ್ಬರು. ಲಾಯರಮ್ಮ ನನ್ನ ದವಡೆಗೆ ಟವೆಲು ಕಟ್ಟಿ ತಲೆಯ ಮೇಲೆ ಗಂಟು ಹಾಕಿದಳು. ಮೊಲದ ಕಿವಿಯಂತೆ ಎರಡು ತುದಿ ನಿಂತವು. ಬನ್ನಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ಚಮಚದಲ್ಲಿ ತಿನ್ನಿಸಿದ. ಅರ್ಧ ನನ್ನ ಕುತ್ತಿಗೆಗೆ, ಅರ್ಧ ಹೊಟ್ಟೆಗೆ.

"ಅಜ್ಜಿ, ಆ ಅನ್ನು. ದೊಡ್ಡದಾಗಿ ಅನ್ನು. ನೋವಾದ್ರೆ ಕಣ್ಣು ಮುಚ್ಕೋ."

"ಬೈಯೋಕ್ಕಾಗಲ್ಲ ಕಣೋ ಅಜ್ಜೀಗೆ," ಎಂದಳು ಅವಳು. "ಈಗ ಏನ್ ಬೇಕಾದ್ರೂ ಕೇಳ್ಬಹುದು."

ಕೇಳಿದರು. ಉಪ್ಪಿನ ಹಿಟ್ಟು ಬೇಕೆಂದರು. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು. ನನ್ನ ಕೈಯಿಂದಲೇ ಕಲಸಿಸಿದರು. ಯಾರೂ ತಿನ್ನಲಾಗದ ಹಿಟ್ಟನ್ನು ನಾನು ಜೀವನದಲ್ಲಿ ಮೊದಲ ಸಲ ಕಲಸಿದೆ. ಸುಮ್ಮನೆ ಮಲಗಿದರೆ ಬೇಜಾರಾಗುತ್ತದೆ ಎಂದು ನನಗೂ ಒಂದು ಉಂಡೆ ಕೊಟ್ಟರು. ನಾನೊಂದು ಬೆಕ್ಕು ಮಾಡಿದೆ. ಅದನ್ನು ಬೆಕ್ಕು ಎಂದು ಇಬ್ಬರೂ ಒಪ್ಪಲಿಲ್ಲ. ಆ ಮಧ್ಯಾಹ್ನ ಕಳೆದದ್ದೇ ತಿಳಿಯಲಿಲ್ಲ ತಂಗಿ. ನಿಮ್ಮ ಉದ್ಯೋಗವನ್ನು ನಾನು ಹಗುರವಾಗಿ ಆಡಿದ್ದೆ. ಇನ್ನು ಆಡುವುದಿಲ್ಲ. ನೀವು ಕಳಿಸಿದ ಒಂದೊಂದು ಉಪಾಯಕ್ಕೂ, ನನ್ನ ಸೊಸೆಯ ಮಂಚದ ಪಕ್ಕದಿಂದ ಅಲುಗಾಡದೆ ಕುಳಿತದ್ದಕ್ಕೂ, ನನ್ನ ಒರಟು ಮಾತುಗಳಿಗೆಲ್ಲ ಅಕ್ಕಾ ಎಂದೇ ಉತ್ತರ ಕೊಟ್ಟದ್ದಕ್ಕೂ ನಾನು ನಿಮಗೆ ಋಣಿ. ಈ ಮಾತನ್ನು ನಾನು ಹೆಚ್ಚು ಜನರಿಗೆ ಬರೆದಿಲ್ಲ.

ಬೇಕರಿ ನಾನಿಲ್ಲದೆ ನಡೆಯಿತು. ಬ್ರೆಡ್ಡು ಎಂದಿನಂತೆ ಬೆಂದಿತು, ಎಂದಿನಂತೆ ಖರ್ಚಾಯಿತು. ಇದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಸಂತೋಷವನ್ನೇ ಪಟ್ಟೆ.

ಇನ್ನು ಅವಳು ಕೇಳಿದ ಪ್ರಶ್ನೆ. ನಾನು ಬಾಯಿ ಬಿಗಿದು ಮಲಗಿದ್ದಾಗ ಮಕ್ಕಳು ಪಕ್ಕದ ಕೋಣೆಗೆ ಹೋದರೂ ನನ್ನ ಕಣ್ಣು ಬಾಗಿಲ ಮೇಲೆಯೇ ಇರುತ್ತಿತ್ತು. ಬರುವುದು ಸ್ವಲ್ಪ ತಡವಾದರೆ ಗೋಡೆ ಬಡಿಯುತ್ತಿದ್ದೆ. ನಿಮ್ಮ ಮಗಳು ಇಷ್ಟು ದಿನ ಯಾವ ಬಾಗಿಲನ್ನು ನೋಡುತ್ತ ಮಲಗಿದ್ದಾಳೆ, ಅವಳು ಯಾವ ಗೋಡೆ ಬಡಿಯಬೇಕು ಎಂದು ಆಗ ಅರ್ಥವಾಯಿತು. ನನಗೆ ಮೊಮ್ಮಕ್ಕಳು ಬೇಕು. ಇಷ್ಟು ಬೇಕೆಂದು ಇವರು ಬರುವ ಮೊದಲು ನನಗೇ ಗೊತ್ತಿರಲಿಲ್ಲ. ಆದರೆ ತಾಯಿಯಿಂದ ಬಿಡಿಸಿಕೊಂಡು ಬೇಡ.

ಹೋದ ಸೋಮವಾರ ಶಾಲೆಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡೆ. ಹೆಡ್ಮಾಸ್ತರು "ಯಾಕಮ್ಮಾ, ನಮ್ಮ ಶಾಲೆ ಸರಿಹೋಗ್ಲಿಲ್ವಾ?" ಎಂದರು. "ಮಕ್ಕಳು ಅವರಮ್ಮ ಇರೋ ಊರಲ್ಲಿ ಓದ್ತಾರೆ" ಎಂದೆ. ನಮ್ಮ ಮೂವರಿಂದಲೂ ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡೆ. ಒಲೆ ಮತ್ತು ಅಂಗಡಿ ಎರಡನ್ನೂ ಮೇಸ್ತ್ರಿಗೆ ಒಪ್ಪಿಸಿದೆ. ಎಷ್ಟು ದಿನಕ್ಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನೆ ಸಂಜೆ ಇಲ್ಲಿಗೆ ಬಂದು, ಮಗನ ಮನೆಯ ಬೀಗ ತೆಗೆಸಿ, ಗುಡಿಸಿ, ಮಕ್ಕಳನ್ನು ಅವರದೇ ಹಾಸಿಗೆಯಲ್ಲಿ ಮಲಗಿಸಿದೆ. ಸೊಸೆ ಎದ್ದು ಓಡಾಡುವವರೆಗೆ ಆ ಮನೆಯ ಅಡಿಗೆ ನನ್ನದು. ಅಷ್ಟಾದ ಮೇಲೆ ನನ್ನ ಊರಿಗೆ ನಾನು ಒಬ್ಬಳೇ ಹೋಗುತ್ತೇನೆ, ರಜೆಯಲ್ಲಿ ಮೂವರೂ ಮಕ್ಕಳು ಬರಲಿ.

ಈ ಪತ್ರ ಅಂಚೆಗೆ ಹಾಕಿಲ್ಲ. ವಾರ್ಡಿನ ಆಯಾ ತಂದುಕೊಡುತ್ತಾಳೆ. ಲಾಯರಮ್ಮ, ಬನ್ನಿ, ನಾನು ಕೆಳಗೆ ಬೆಂಚಿನ ಮೇಲೆ ಕುಳಿತಿದ್ದೇವೆ. ಒಂದು ದಿನ ಮೊದಲೇ ಬರೆದು ನಿಮ್ಮನ್ನೂ ಅವಳನ್ನೂ ಕೇಳಬೇಕಿತ್ತೇನೋ. ಕೇಳಿ ಮಾಡುವ ಅಭ್ಯಾಸ ನನಗೆ ಇಲ್ಲ. ಮಕ್ಕಳನ್ನು ಅವಳ ಹತ್ತಿರಕ್ಕೆ ಕರೆತಂದಾಯಿತು.

ನಿಮ್ಮ
ಅಕ್ಕ